ಇಪ್ಪತ್ತು ತಿಂಗಳು ಆಂಟಿಆಕ್ಸಿಡೆಂಟ್ ಕ್ಯಾಪ್ಸುಲ್ ನುಂಗಿದ ಮೇಲೆ

ಬಳಸಿದವರು: ನಾನು (54 ವರ್ಷ) 20 ತಿಂಗಳು, ನನ್ನ ಅಪ್ಪ (81 ವರ್ಷ) ಆರು ವಾರ. ಊರು: ಮಂಗಳೂರು, ಬಿಜೈ. ಅಂಕ: 5ಕ್ಕೆ 1.

ಮೊದಲ ಬಾಟಲಿ ದುಬೈಯಲ್ಲಿರುವ ಭಾವ ರಜೆಗೆ ಬಂದಾಗ ಕೊಟ್ಟದ್ದು. ಹಾಲಿನ ಪುಡಿ, ಬಾದಾಮಿ, ನೋವಿನ ಎಣ್ಣೆಯ ಜೊತೆ ಪೆಟ್ಟಿಗೆಯಿಂದ ಅದೂ ಹೊರಬಂತು. 60 ಕ್ಯಾಪ್ಸುಲ್, ದಿನಕ್ಕೊಂದು, ನಮ್ಮ ಲೆಕ್ಕದಲ್ಲಿ ಸುಮಾರು 1,900 ರೂಪಾಯಿ. ಆಮೇಲೆ ಬಜಪೆಯಲ್ಲಿ ಇಳಿಯುವ ಯಾರಾದರೊಬ್ಬರ ಕೈಯಲ್ಲಿ ತರಿಸುತ್ತಾ ಹೋದೆ. ಒಟ್ಟು ಹನ್ನೊಂದು ಬಾಟಲಿ. ಕಂಪನಿಯ ಹೆಸರು ಬರೆಯುವುದಿಲ್ಲ, ಏಕೆಂದರೆ ಇದೇ ಬಗೆಯ ಬಾಟಲಿಗಳು ಹತ್ತಾರು ಹೆಸರಲ್ಲಿ ಸಿಗುತ್ತವೆ, ನಾನು ಹೇಳುವುದು ಒಳಗಿರುವ ವಸ್ತುವಿನ ಬಗ್ಗೆ.

ಒಳಗೆ ಇದ್ದದ್ದು: ವಿಟಮಿನ್ ಇ 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಘಟಕ), ವಿಟಮಿನ್ ಸಿ 500 ಮಿಲಿಗ್ರಾಂ, ಬೀಟಾ ಕ್ಯಾರೋಟಿನ್, ಸೆಲೆನಿಯಂ, ಸ್ವಲ್ಪ ಗ್ರೀನ್ ಟೀ ಸಾರ. ಕಡು ಕೆಂಪು ಬಣ್ಣದ ಮೆತ್ತನೆಯ ಕ್ಯಾಪ್ಸುಲ್. ಆಟಿ ತಿಂಗಳ ಮಳೆಗೆ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತಿತ್ತು, ಚಮಚದ ಹಿಡಿಯಿಂದ ಬಿಡಿಸಿ ತೆಗೆಯಬೇಕಿತ್ತು. ತೇಗು ಬಂದರೆ ಎಣ್ಣೆಯ ವಾಸನೆ. ಇವೆಲ್ಲ ಸಣ್ಣ ವಿಷಯ.

ಲಾಭ ಏನಾಯಿತು ಎಂದು ಕೇಳಿದರೆ, ನನಗೆ ಕಂಡದ್ದು ಏನೂ ಇಲ್ಲ. ಮೊದಲ ತಿಂಗಳು ಉತ್ಸಾಹ ಬಂದ ಹಾಗೆ ಅನ್ನಿಸಿತ್ತು. ಆದರೆ ಅದೇ ತಿಂಗಳು ನಾನು ಬೆಳಿಗ್ಗೆ ಕದ್ರಿ ಪಾರ್ಕಿಗೆ ನಡೆಯಲು ಹೋಗುವುದನ್ನೂ ಶುರು ಮಾಡಿದ್ದೆ. ಶೀತ, ಕೆಮ್ಮು ಮಳೆಗಾಲದಲ್ಲಿ ಎಂದಿನಂತೆ ಬಂದವು, ಎಂದಿನಂತೆ ಹೋದವು. ಮೂತ್ರದ ಬಣ್ಣ, ಚರ್ಮ, ನಿದ್ದೆ ಯಾವುದರಲ್ಲೂ ವ್ಯತ್ಯಾಸವಿಲ್ಲ. ಇಷ್ಟೇ ಆಗಿದ್ದರೆ ದುಡ್ಡು ದಂಡ ಎಂದುಕೊಂಡು ಸುಮ್ಮನಿರುತ್ತಿದ್ದೆ, ಈ ವಿಮರ್ಶೆ ಬರೆಯುತ್ತಿರಲಿಲ್ಲ.

ಅಪ್ಪನಿಗೆ ಹೃದಯದ ಕವಾಟ ಬದಲಿಸಿ ವರ್ಷಗಳಾದವು. ಲೋಹದ ಕವಾಟ, ಹಾಗಾಗಿ ರಕ್ತ ಹೆಪ್ಪುಗಟ್ಟದಂತೆ ದಿನಾ ವಾರ್ಫರಿನ್ ಮಾತ್ರೆ. ತಿಂಗಳಿಗೊಮ್ಮೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಿ ಒಂದು ಪುಟ್ಟ ಪುಸ್ತಕದಲ್ಲಿ ಬರೆಸಿಕೊಳ್ಳುತ್ತೇವೆ. ಅವರಿಗೆ ಅದು 2.5ರಿಂದ 3.5ರ ಒಳಗೆ ಇರಬೇಕು, ಹೆಚ್ಚಿದರೆ ರಕ್ತಸ್ರಾವದ ಭಯ. ಕಳೆದ ವರ್ಷ ಅಪ್ಪ ಸುಸ್ತು ಸುಸ್ತು ಎನ್ನುತ್ತಿದ್ದರು. ಒಂದು ಬಾಟಲಿ ಅವರ ಮೇಜಿನ ಮೇಲೂ ಇಟ್ಟೆ. "ಇದು ಎಂತ ಮದ್ದು ಮಗಾ?" ಎಂದರು. "ಮದ್ದಲ್ಲ ಅಪ್ಪ, ಬರೀ ವಿಟಮಿನ್" ಎಂದೆ. ಆ ಮಾತು ನನಗೆ ಈಗಲೂ ಚುಚ್ಚುತ್ತದೆ.

ಆರನೆಯ ವಾರ ಒಂದು ಬೆಳಿಗ್ಗೆ ವಾಶ್‌ಬೇಸಿನ್ ತೊಳೆಯಲು ಹೋದ ನನ್ನ ಹೆಂಡತಿ ಕರೆದು ತೋರಿಸಿದಳು. ಪೇಸ್ಟಿನ ನೊರೆಯಲ್ಲಿ ರಕ್ತದ ಎಳೆಗಳು. ಅಪ್ಪನನ್ನು ಕೇಳಿದರೆ ನಾಲ್ಕು ದಿನದಿಂದ ಹೀಗೇ, ಬ್ರಶ್ ಗಟ್ಟಿಯಾಯಿತೇನೋ ಅಂದರು. ಅಂಗಿಯ ತೋಳು ಮೇಲೆ ಸರಿಸಿದಾಗ ಮೊಣಕೈ ಕೆಳಗೆ ಹಣ್ಣಡಿಕೆಯಷ್ಟು ದೊಡ್ಡ ನೀಲಿ ಕಲೆ. ಎಲ್ಲಿಯೂ ಬಿದ್ದಿರಲಿಲ್ಲ, ತಾಗಿದ್ದೂ ನೆನಪಿಲ್ಲ. ಅಂದೇ ರಕ್ತ ಕೊಟ್ಟೆವು. ಐಎನ್‌ಆರ್ 4.8.

ಡಾಕ್ಟರು ಪುಸ್ತಕದ ಹಿಂದಿನ ಪುಟಗಳನ್ನು ತಿರುವಿ ನೋಡಿದರು. "ಒಂದು ವರ್ಷದಿಂದ ಸರಿ ಇತ್ತಲ್ಲ. ಹೊಸದಾಗಿ ಬೇರೆ ಎಂತ ತಗೊಳ್ತಾ ಇದ್ದಾರೆ?" ಎಂದರು. ಏನೂ ಇಲ್ಲ ಎಂದೆ. "ಕಷಾಯ, ಲೇಹ್ಯ, ವಿಟಮಿನ್, ಅಂತಾದ್ದು ಎಂತಾದ್ರೂ?" ಆಗ ನಾಲಿಗೆ ಒಣಗಿತು. ಫೋನಿನಲ್ಲಿದ್ದ ಬಾಟಲಿಯ ಫೋಟೋ ತೋರಿಸಿದೆ. ಅವರು 400 ಐಯು ಎಂಬಲ್ಲಿ ಬೆರಳಿಟ್ಟರು. ವಾರ್ಫರಿನ್ ಕೆಲಸ ಮಾಡುವುದು ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆಗೆ ಅಡ್ಡ ಬಂದು. ದೊಡ್ಡ ಪ್ರಮಾಣದ ವಿಟಮಿನ್ ಇ ಕೂಡ ಅದೇ ಕೆಗೆ ಅಡ್ಡ ಬರುತ್ತದೆ. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚು. ಇದರಿಂದಲೇ ಆಯಿತು ಎಂದು ನೂರಕ್ಕೆ ನೂರು ಹೇಳಲು ಬರುವುದಿಲ್ಲ, ಆದರೆ ಇವತ್ತಿನಿಂದಲೇ ನಿಲ್ಲಿಸಿ ಎಂದರು. ಒಂದು ದಿನ ವಾರ್ಫರಿನ್ ಬಿಡಿಸಿ, ವಾರದ ನಂತರ ಮತ್ತೆ ಬರಹೇಳಿದರು. ಎರಡು ವಾರದಲ್ಲಿ 3.1ಕ್ಕೆ ಇಳಿಯಿತು.

ಅಂದಿನಿಂದ ನಾನೂ ನಿಲ್ಲಿಸಿದೆ. ಆಮೇಲೆ ಕೂತು ಓದಿದೆ. ಕೊಳ್ಳುವ ಮೊದಲು ಓದಬೇಕಾಗಿದ್ದದ್ದು.

ಆಂಟಿಆಕ್ಸಿಡೆಂಟ್ ಎಂದರೇನು ಎಂಬುದು ನಮ್ಮ ಅಡುಗೆಮನೆಯಲ್ಲೇ ಕಾಣುತ್ತದೆ. ಗುಳ್ಳ ಬದನೆ ಹೆಚ್ಚಿ ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ, ಲಿಂಬೆ ರಸ ಹಿಂಡಿದ ನೀರಿನಲ್ಲಿ ಹಾಕಿದರೆ ಬೆಳ್ಳಗೇ ಉಳಿಯುತ್ತದೆ. ದೇಹದ ಜೀವಕೋಶಗಳಿಗೂ ಫ್ರೀ ರ‍್ಯಾಡಿಕಲ್ ಎಂಬ ಕಣಗಳು ಹೀಗೆ ಕೆಡುಕು ಮಾಡುತ್ತವೆ, ಅದನ್ನು ತಡೆಯುವವು ಆಂಟಿಆಕ್ಸಿಡೆಂಟ್‌ಗಳು. ಬಾಟಲಿಯ ಮೇಲೆ ಇಷ್ಟು ಮಾತ್ರ ಬರೆದಿರುತ್ತದೆ. ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದಕ್ಕೆ ಅದೇ ಬಗೆಯ ಕಣಗಳನ್ನು ತಯಾರಿಸುತ್ತವೆ ಎಂಬುದು ಅಲ್ಲಿ ಇರುವುದಿಲ್ಲ. ವ್ಯಾಯಾಮ ಮಾಡುವಾಗ ಹುಟ್ಟುವ ಅಂಥ ಕಣಗಳೇ ಸ್ನಾಯುಗಳಿಗೆ ಸುಧಾರಿಸಿಕೊಳ್ಳಲು ಸೂಚನೆ ಕೊಡುತ್ತವೆ. 2009ರಲ್ಲಿ ಜರ್ಮನಿಯ ಸಂಶೋಧಕರು ವ್ಯಾಯಾಮ ಮಾಡುವ ಯುವಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಸಿ, 400 ಐಯು ಇ ಕೊಟ್ಟು ನೋಡಿದರು. ಮಾತ್ರೆ ನುಂಗದವರಿಗೆ ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು, ನುಂಗಿದವರಿಗೆ ಆ ಲಾಭ ಸಿಗಲಿಲ್ಲ. ಕದ್ರಿ ಗುಡ್ಡ ಹತ್ತಿ ಇಳಿದು ಬಂದು ನಾನು ಮಾಡುತ್ತಿದ್ದದ್ದು ಇದನ್ನೇ.

ಇನ್ನೊಂದು ಸಂಗತಿ ಬೀಡಿ ಸಿಗರೇಟು ಸೇದುವವರು ಇರುವ ಮನೆಯವರೆಲ್ಲ ತಿಳಿಯಬೇಕು. ಫಿನ್ಲೆಂಡಿನಲ್ಲಿ 29,133 ಗಂಡಸರ ಮೇಲೆ, ಎಲ್ಲರೂ ಸೇದುವವರೇ, ಪರೀಕ್ಷೆ ನಡೆಯಿತು. ಬೀಟಾ ಕ್ಯಾರೋಟಿನ್ ಶ್ವಾಸಕೋಶದ ಕ್ಯಾನ್ಸರ್ ತಡೆಯುತ್ತದೆ ಎಂಬ ನಂಬಿಕೆ ಇತ್ತು. 1994ರಲ್ಲಿ ಫಲಿತಾಂಶ ಬಂದಾಗ ಅದನ್ನು ನುಂಗಿದವರಲ್ಲಿ ಕ್ಯಾನ್ಸರ್ ಶೇ. 18 ಹೆಚ್ಚಾಗಿತ್ತು. ಅಮೆರಿಕದಲ್ಲಿ ಇಂಥದ್ದೇ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ವಿಟಮಿನ್ ಇ ಕಥೆಯೂ ಚೆನ್ನಾಗಿಲ್ಲ: 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ ದಿನಕ್ಕೆ 400 ಐಯು ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17 ಹೆಚ್ಚು ಎಂದು 2011ರಲ್ಲಿ ವರದಿಯಾಯಿತು. ನನ್ನ ಬಾಟಲಿಯಲ್ಲಿ ಇದ್ದದ್ದೂ ಅದೇ 400. ವಯಸ್ಕರಿಗೆ ದಿನಕ್ಕೆ 15 ಮಿಲಿಗ್ರಾಂ ಸಾಕು. 400 ಐಯು ನೈಸರ್ಗಿಕ ವಿಟಮಿನ್ ಇ ಎಂದರೆ 268 ಮಿಲಿಗ್ರಾಂ. ಬೀಡಿ ಸೇದುವ ನನ್ನ ಚಿಕ್ಕಪ್ಪನಿಗೂ ಒಂದು ಬಾಟಲಿ ತರಿಸಬೇಕು ಎಂದುಕೊಂಡಿದ್ದೆ. ಪುಣ್ಯಕ್ಕೆ ಆಗ ದುಬೈಯಿಂದ ಬರುವವರು ಯಾರೂ ಇರಲಿಲ್ಲ.

ಎಲ್ಲ ಮಾತ್ರೆಗಳೂ ಕೆಟ್ಟವು ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ದೊಡ್ಡಮ್ಮನಿಗೆ ವಯಸ್ಸಿನಿಂದ ಕಣ್ಣಿನ ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆ. ಅವರಿಗೆ ಕಣ್ಣಿನ ಡಾಕ್ಟರೇ ಲ್ಯೂಟಿನ್, ಝಿಯಾಝ್ಯಾಂಥಿನ್, ಸತು, ತಾಮ್ರ, ಸಿ, ಇ ಸೇರಿದ ಮಾತ್ರೆ ಬರೆದುಕೊಟ್ಟಿದ್ದಾರೆ. ಮಧ್ಯಮ ಹಂತ ತಲುಪಿದವರಲ್ಲಿ ಕಾಯಿಲೆ ಮುಂದುವರಿಯುವ ಸಾಧ್ಯತೆಯನ್ನು, ಲ್ಯೂಟಿನ್, ಝಿಯಾಝ್ಯಾಂಥಿನ್ ಬದಲು ಬೀಟಾ ಕ್ಯಾರೋಟಿನ್ ಇದ್ದ ಇಂಥದ್ದೇ ಮಿಶ್ರಣ ಸುಮಾರು ಕಾಲು ಭಾಗ ಕಡಿಮೆ ಮಾಡುತ್ತದೆ ಎಂದು 2001ರಲ್ಲೇ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತ್ತು. ಅಲ್ಲಿ ಕಾಯಿಲೆ ಗೊತ್ತು, ಪ್ರಮಾಣ ಗೊತ್ತು, ನೋಡಿಕೊಳ್ಳುವ ಡಾಕ್ಟರು ಇದ್ದಾರೆ.

ಈಗ ಆ ದುಡ್ಡು ಕಂಕನಾಡಿ ಮಾರುಕಟ್ಟೆಗೆ ಹೋಗುತ್ತದೆ. 100 ಗ್ರಾಂ ಪೇರಳೆಯಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ವಿಟಮಿನ್ ಸಿ ಇದೆ, ಗಂಡಸರಿಗೆ ದಿನಕ್ಕೆ ಬೇಕಾದದ್ದು 80. ನೆಲ್ಲಿಕಾಯಿ ತಂಬುಳಿ, ಕೆಂಪು ಹರಿವೆ, ಕುಚ್ಚಲಕ್ಕಿ ಗಂಜಿ. ಏಪ್ರಿಲ್, ಮೇಯಲ್ಲಿ ಪುನರ್ಪುಳಿ (ಕೋಕಂ) ಬಂದರೆ ಹೆಂಡತಿ ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆಯ ಬಟ್ಟಲುಗಳಿಗೆ ಸಕ್ಕರೆ ತುಂಬಿ ಭರಣಿಯಲ್ಲಿ ಬಿಸಿಲಿಗಿಡುತ್ತಾಳೆ. ಮೂರನೆಯ ದಿನಕ್ಕೆ ಭರಣಿಯ ತಳದಲ್ಲಿ ಕಡು ಕೆಂಪು ರಸ ನಿಲ್ಲುತ್ತದೆ. ಆ ಬಣ್ಣವೇ ಆಂಥೋಸಯಾನಿನ್ ಎಂಬ ಆಂಟಿಆಕ್ಸಿಡೆಂಟ್. ಅದನ್ನು ಮದ್ದೆಂದು ನಾನು ಹೇಳಲಾರೆ, ಸಕ್ಕರೆ ಧಾರಾಳ ಇರುವುದರಿಂದ ಶುಗರ್ ಇದ್ದವರಿಗೆ ಶರಬತ್ತು ಬೇಡ. ಅಂಥವರಿಗೆ ಒಣ ಸಿಪ್ಪೆ ನೆನೆಸಿ, ಉಪ್ಪು, ಹಸಿಮೆಣಸು ಹಾಕಿ, ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಸಾರು ಇದೆ, ಬೆಲ್ಲ ಬಿಟ್ಟರಾಯಿತು.

ಅಪ್ಪನ ಊಟದಲ್ಲೂ ಒಂದು ಲೆಕ್ಕ ಇದೆ. ಹರಿವೆ, ಬಸಳೆಯಲ್ಲಿ ವಿಟಮಿನ್ ಕೆ ಜಾಸ್ತಿ, ಅದು ವಾರ್ಫರಿನ್‌ನ ಬಲ ತಗ್ಗಿಸುತ್ತದೆ. ಸೊಪ್ಪು ಬಿಡಬೇಡಿ, ಆದರೆ ಒಂದು ವಾರ ರಾಶಿ, ಇನ್ನೊಂದು ವಾರ ಸೊನ್ನೆ ಮಾಡಬೇಡಿ ಎಂದಿದ್ದಾರೆ ಡಾಕ್ಟರು. ಹಾಗಾಗಿ ಬುಧವಾರ, ಶನಿವಾರ ಸೊಪ್ಪು. ಐಎನ್‌ಆರ್ ಪುಸ್ತಕದ ಕೊನೆಯ ಪುಟದಲ್ಲಿ ಅವರು ತೆಗೆದುಕೊಳ್ಳುವ ಎಲ್ಲವನ್ನೂ ಬರೆದಿದ್ದೇನೆ, ಮೊಣಕಾಲಿಗೆ ಹಚ್ಚುವ ಎಣ್ಣೆಯ ಹೆಸರನ್ನೂ. ಕಳೆದ ಸಲ ಪರೀಕ್ಷೆಗೆ ಹೋದಾಗ ನಾನು ತೆಗೆಯುವ ಮೊದಲೇ ಅಪ್ಪ ಆ ಪುಟ ಬಿಡಿಸಿ ಡಾಕ್ಟರ ಮುಂದಿಟ್ಟರು.