ಕೀಮೋ ವಾಂತಿಗೆ ಓಲಾಂಜಪೈನ್ ಮಾತ್ರೆ: ಐದಕ್ಕೆ ನಾಲ್ಕೂವರೆ

ಮೊದಲೇ ಹೇಳಿಬಿಡುತ್ತೇನೆ, ಅಮ್ಮನ ಕ್ಯಾನ್ಸರ್‌ಗೆ ಕೀಮೋ ಕೊಡುತ್ತಿದ್ದ ಸಮಯದಲ್ಲಿ ತಂದ ಔಷಧಿಗಳಲ್ಲಿ ತುಂಬಾ ಅಗ್ಗದ್ದೇ ತುಂಬಾ ಕೆಲಸಕ್ಕೆ ಬಂತು. ವಾಂತಿ ನಿಲ್ಲಿಸುವ ಮಾತ್ರೆ ಬೇಕಾದಷ್ಟಿವೆ. ಆದರೆ ಹೊಟ್ಟೆ ತೊಳಸುವುದು, ತಟ್ಟೆ ಕಂಡರೆ ಮುಖ ತಿರುಗಿಸುವುದು ಇದೆಯಲ್ಲ, ಅದಕ್ಕೆ ಕೈಹಿಡಿದಿದ್ದು ಇದೇ.

ಇದು ಅಸಲಿಗೆ ಮಾನಸಿಕ ಕಾಯಿಲೆಯ ಔಷಧಿ. ಮಿದುಳಿನಲ್ಲಿ ಡೋಪಮೈನ್, ಸೆರೊಟೋನಿನ್ ಅನ್ನೋ ಎರಡು ರಾಸಾಯನಿಕಗಳ ಸಂಕೇತವನ್ನೂ ತಡೆಯುತ್ತದೆ, ವಾಂತಿ ಎಬ್ಬಿಸುವುದೂ ಅವೇ ಸಂಕೇತಗಳು. 2016ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ, ಮಾಮೂಲಿ ಔಷಧಿಗಳ ಜೊತೆ ಇದನ್ನೂ ಕೊಟ್ಟಾಗ ಮೊದಲ ದಿನ ಶೇ 74 ಜನರಿಗೆ ತೊಳಸುವಿಕೆಯೇ ಇರಲಿಲ್ಲ. ಕೊಡದವರಲ್ಲಿ ಶೇ 45.

ತೊಂದರೆ ಅಂದ್ರೆ ನಿದ್ದೆ. 10 ಮಿ.ಗ್ರಾಂ ತಗೊಂಡ ಮಾರನೇ ದಿನ ಅಮ್ಮ ಮಾತಾಡುತ್ತಲೇ, ಕೈಯಲ್ಲಿ ಲೋಟ ಹಿಡಿದುಕೊಂಡೇ ತೂಕಡಿಸುತ್ತಿದ್ದರು. ಡಾಕ್ಟರ್ 2.5ಕ್ಕೆ ಇಳಿಸಿದ ಮೇಲೆ ಎಚ್ಚರವಾಗಿದ್ದರು, ತೊಳಸುವಿಕೆಯೂ ವಾಪಸ್ ಬರಲಿಲ್ಲ. ಇದು ನಮ್ಮೊಬ್ಬರ ಅನುಭವ ಅಲ್ಲ. ಮುಂಬೈನ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನವರು ಎರಡೂ ಡೋಸ್ ಹೋಲಿಸಿ 2024ರಲ್ಲಿ ಪ್ರಕಟಿಸಿದ್ದಾರೆ: ವಾಂತಿ ತಡೆಯುವುದರಲ್ಲಿ ಕಡಿಮೆ ಡೋಸ್ ಹಿಂದೆ ಬೀಳಲಿಲ್ಲ, ಮೊದಲ ದಿನದ ವಿಪರೀತ ಮಂಪರು ಮಾತ್ರ ಶೇ 40ರಿಂದ ಶೇ 5ಕ್ಕೆ ಇಳಿಯಿತು. ಪುದುಚೇರಿಯ ಸರ್ಕಾರಿ ಆಸ್ಪತ್ರೆ ಜಿಪ್ಮರ್‌ನಲ್ಲಿ ಇದೇ 2.5 ಮಿ.ಗ್ರಾಂ ಅನ್ನು 12 ವಾರ ಕೊಟ್ಟು ನೋಡಿದರು, ಹಸಿವು ಹೆಚ್ಚಿತು, ತೂಕವೂ ಬಂತು.

ಅರ್ಧ ಅಂಕ ಕಡಿದಿದ್ದು ಡಬ್ಬಿಯೊಳಗಿನ ಕಾಗದಕ್ಕೆ. ಅದರಲ್ಲಿ ಸ್ಕಿಜೋಫ್ರೇನಿಯಾ ಅಂತ ಇದೆ, ಕೀಮೋ ಅನ್ನೋ ಪದವೇ ಇಲ್ಲ. "ನನಗೇನು ತಲೆ ಕೆಟ್ಟಿದೆಯಾ" ಅಂತ ಅಮ್ಮ ಮೊದಲು ಮುಟ್ಟಲೇ ಇಲ್ಲ. ಬರೆದುಕೊಟ್ಟವರು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಲ್ವಾ? ಪೇಟೆಂಟ್ ಮುಗಿದ ಮಾತ್ರೆಗೆ ಹೊಸ ಉಪಯೋಗ ಅಂತ ದುಡ್ಡು ಸುರಿದು ಪರೀಕ್ಷೆ ಮಾಡಿಸಲು, ಕಾಗದ ತಿದ್ದಿಸಲು ಯಾವ ಕಂಪನಿಗೂ ಲಾಭ ಇಲ್ಲ. ದುಬಾರಿ ವಾಂತಿ ಔಷಧಿ ಕೊಳ್ಳಲಾಗದ ಬಡ ದೇಶಗಳಿಗೆ ಇಂಥ ಮಾತ್ರೆಯೇ ಜಾಸ್ತಿ ಬೇಕಾಗಿರುವುದು, ಹಾಗಾಗಿ ಈ ಪರೀಕ್ಷೆಗಳನ್ನು ಸರ್ಕಾರಿ ಆಸ್ಪತ್ರೆಗಳೇ ಮಾಡಬೇಕು, ಅದಕ್ಕೆ ಸರ್ಕಾರ ಹಣ ಕೊಡಲೇಬೇಕು.

ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ. ಸಕ್ಕರೆ ಕಾಯಿಲೆ ಇದ್ದರೆ, ಮೆಟೋಕ್ಲೋಪ್ರಮೈಡ್ ಅನ್ನೋ ಇನ್ನೊಂದು ವಾಂತಿ ಮಾತ್ರೆ ತಗೋತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ವಯಸ್ಸಾದವರು ರಾತ್ರಿ ಎದ್ದಾಗ ತಲೆ ತಿರುಗಿ ಬೀಳಬಹುದು, ಜೊತೆಗೆ ಯಾರಾದರೂ ಇರಲಿ.