ಒಂದು ದಿರ್ಹಂ ದೋಣಿ: ಏಳು ವರ್ಷ ತಡವಾಗಿ ಬರೆದ ರಿವ್ಯೂ

ಹೋದ ವರ್ಷ ರಜೆಗೆ ಬೀದರಿಗೆ ಬಂದಾಗ ಕಾಕಾ ಕೇಳಿದ್ದರು, "ಏಳು ವರ್ಷ ಆಯ್ತಲ್ಲವ್ವಾ, ದುಬೈದಾಗ ಏನೇನ್ ನೋಡ್ದಿ?" ಬುರ್ಜ್ ಖಲೀಫಾ ಅಂದೆ. ಎರಡು ಮಾಲ್ ಹೆಸರು ಹೇಳಿದೆ. ಅಲ್ಲಿಗೆ ನನ್ನ ಸರಕು ಖಾಲಿ. "ಅವು ಟಿವ್ಯಾಗ ನಾನೂ ನೋಡೀನಿ" ಅಂದು ಕಾಕಾ ಶೇಂಗಾ ಸುಲಿಯುತ್ತಾ ಕೂತರು.

ನಾಚಿಕೆಯಾಯಿತು. ದುಬೈನ ಕುಸೈಸ್ ಬಡಾವಣೆಯ ಮನೆ, ಆಫೀಸು, ಮತ್ತೆ ಮನೆ. ಶನಿವಾರ ಕಿರಾಣಿ, ಭಾನುವಾರ ಇಸ್ತ್ರಿ. ಊರಿಂದ ನೆಂಟರು ಬಂದರೆ ಮಾತ್ರ ಸುತ್ತಾಟ, ಅದೂ ಅವರು ಕೇಳಿದ ಕಡೆಗೆ. ರಜೆ ಮುಗಿಸಿ ದುಬೈಗೆ ವಾಪಸ್ ಹೋದ ಮೇಲೆ ಒಂದು ನೇಮ ಹಾಕಿಕೊಂಡೆ. ತಿಂಗಳಿಗೆ ಒಂದು ಶನಿವಾರ ಹೊಸ ಜಾಗ. ಮೆಟ್ರೊ, ಬಸ್ಸು, ನಡಿಗೆ ಇಷ್ಟೇ. ಮಾಲ್‌ಗೆ ಕಾಲಿಡುವ ಹಾಗಿಲ್ಲ.

ಮೊದಲ ಶನಿವಾರ ಹತ್ತಿದ್ದು ಅಬ್ರಾ. ಕ್ರೀಕ್ ಅಂದರೆ ಊರೊಳಗೆ ನುಗ್ಗಿ ಬಂದಿರುವ ಸಮುದ್ರದ ನೀರು. ಅದರ ಒಂದು ದಡ ಬರ್ ದುಬೈ, ಇನ್ನೊಂದು ದೇರಾ. ಎರಡರ ನಡುವೆ ಓಡಾಡುವ ಮರದ ದೋಣಿಯೇ ಅಬ್ರಾ. ಸುಮಾರು 20 ಜನ ಹಿಡಿಸುತ್ತದೆ. ಚಾರ್ಜು 1 ದಿರ್ಹಂ, ದಿರ್ಹಂ ಅಂದರೆ ಅಲ್ಲಿನ ದುಡ್ಡು. ಟಿಕೆಟ್ ಇಲ್ಲ, ಕಾರ್ಡ್ ಇಲ್ಲ, ಆ್ಯಪ್ ಅಂತೂ ಇಲ್ಲ. ದೋಣಿ ಹೊರಟ ಮೇಲೆ ನಾಣ್ಯ ಕೈಯಿಂದ ಕೈಗೆ ದಾಟಿ ದೋಣಿಯವನ ಹತ್ತಿರ ಹೋಗುತ್ತದೆ, ನಮ್ಮ ಟಂಟಂನಲ್ಲಿ ಹಿಂದೆ ಕೂತವರು ಮುಂದಕ್ಕೆ ದುಡ್ಡು ದಾಟಿಸುವ ಹಾಗೆ. ನಡುವೆ ಉದ್ದಕ್ಕೂ ಒಂದೇ ಹಲಗೆ. ಬೆನ್ನಿಗೆ ಬೆನ್ನು ಕೊಟ್ಟು, ನೀರಿನ ಕಡೆ ಮುಖ ಮಾಡಿ ಕೂರಬೇಕು. ದೋಣಿಯವನು ನಡುಮಧ್ಯದ ತಗ್ಗಿನಲ್ಲಿ ಎಂಜಿನ್ ಪಕ್ಕ ನಿಂತಿರುತ್ತಾನೆ. ನಾನು ಹೋದ ದಿನ ಅವನು ಎರಡೂ ಕೈಯಲ್ಲಿ ಚಿಲ್ಲರೆ ಎಣಿಸುತ್ತಾ ಚಕ್ರವನ್ನು ಕಾಲಲ್ಲೇ ತಿರುಗಿಸುತ್ತಿದ್ದ.

ಐದಾರು ನಿಮಿಷದಲ್ಲಿ ಆ ದಡ ಬಂದುಬಿಡುತ್ತದೆ. ನಾನು ಇಳಿದು, ಇನ್ನೊಂದು ದಿರ್ಹಂ ಕೊಟ್ಟು ತಿರುಗಿ ಬಂದೆ. ಆಮೇಲೆ ಮತ್ತೆ ಹೋದೆ. ಕೆಲಸ ಮುಗಿಸಿ ಬಂದ ಹುಡುಗರು, ತರಕಾರಿ ಚೀಲ ಹಿಡಿದ ಹೆಂಗಸು, ಕ್ಯಾಮೆರಾ ತೂಗಿಸಿಕೊಂಡ ಬಿಳಿಯರು, ಎಲ್ಲರೂ ಒಂದೇ ಹಲಗೆ ಮೇಲೆ. ಏಳು ವರ್ಷದಲ್ಲಿ ಈ ಊರಿನಲ್ಲಿ ಅಪರಿಚಿತರ ಪಕ್ಕ ಇಷ್ಟು ಒತ್ತಿ ಕೂತಿದ್ದು ಅದೇ ಮೊದಲು ಅನ್ನಿಸುತ್ತದೆ.

ಕುಂದುಗಳೂ ಇವೆ. ಹತ್ತುವಾಗ ದಡಕ್ಕೂ ದೋಣಿಗೂ ನಡುವೆ ನೀರು ಕಾಣುತ್ತದೆ, ಹೆಜ್ಜೆ ನೋಡಿ ಇಡಬೇಕು. ಅಕ್ಕಪಕ್ಕ ಕಟಾಂಜನ ಇಲ್ಲ. ಡೀಸೆಲ್ ವಾಸನೆ ಜಾಸ್ತಿ. ನಾನು 50ರ ನೋಟು ಕೊಟ್ಟಾಗ ದೋಣಿಯವನು ನೋಡಿದ ನೋಟ ಇನ್ನೂ ಮರೆತಿಲ್ಲ, ಚಿಲ್ಲರೆ ಇಟ್ಟುಕೊಂಡೇ ಹೋಗಿ. ಡಿಸೆಂಬರಿನಲ್ಲಿ ಅವ್ವನನ್ನು ಕರೆದುಕೊಂಡು ಹೋಗಿದ್ದೆ. "ಹಿಡ್ಕೊಳ್ಳಾಕ ಏನರ ಅದ ಏನು ಇಲ್ಲಿ?" ಅಂತ ನನ್ನ ತೋಳನ್ನೇ ಗಟ್ಟಿಯಾಗಿ ಹಿಡಿದಳು. ಅರ್ಧ ದಾರಿಗೆ ಕೈ ಬಿಟ್ಟು ಕಡಲಹಕ್ಕಿ ಎಣಿಸತೊಡಗಿದಳು. ಮೊಣಕಾಲು ನೋವಿದ್ದವರಿಗೆ ಮಾತ್ರ ನಾನು ಹೋಗಿ ಅನ್ನಲ್ಲ.

ಹೋಗುವುದು ಸುಲಭ. ಗ್ರೀನ್ ಲೈನ್ ಮೆಟ್ರೊದಲ್ಲಿ ಅಲ್ ಗುಬೈಬಾದಲ್ಲಿ ಇಳಿದರೆ ದಡಕ್ಕೆ ನಡೆದೇ ಹೋಗಬಹುದು. ಮೆಟ್ರೊ, ಬಸ್ಸಿಗೆ ಬಳಸುವ ಸಿಲ್ವರ್ ನೋಲ್ ಕಾರ್ಡಿಗೆ 25 ದಿರ್ಹಂ, ಅದರಲ್ಲಿ 19 ಬಳಸೋಕೆ ಸಿಗುತ್ತದೆ. ದೂರ ನೋಡಿ 3, 5 ಅಥವಾ ಏಳೂವರೆ ದಿರ್ಹಂ ಕಡಿತ. ಮೆಟ್ರೊದಲ್ಲಿ ತಿಂದರೆ, ನೀರು ಕುಡಿದರೂ, ದಂಡ. ಬೀದರಿಂದ ಹೊಸದಾಗಿ ಬರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ, ನಾವು ಚೀಲದಲ್ಲಿ ಏನಾದರೊಂದು ಇಟ್ಟುಕೊಂಡೇ ಹೊರಡುವವರು ಅಲ್ವಾ.

ಬರ್ ದುಬೈ ದಡದಲ್ಲೇ ಅಲ್ ಫಹೀದಿ ಅನ್ನುವ ಹಳೇ ಓಣಿಗಳಿವೆ. ಓಣಿ ಸುತ್ತೋಕೆ ಟಿಕೆಟ್ ಇಲ್ಲ. ಇರಾನಿನ ಬಸ್ತಕ್ ಕಡೆಯಿಂದ ಬಂದ ವ್ಯಾಪಾರಿಗಳು ಕಟ್ಟಿದ ಮನೆಗಳು, ಅದಕ್ಕೇ ಹಳಬರು ಬಸ್ತಕಿಯಾ ಅನ್ನುತ್ತಾರೆ. ಮನೆ ಮೇಲೆ ಚೌಕಾಕಾರದ ಗಾಳಿಗೋಪುರ. ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ. ಕರೆಂಟ್ ಇಲ್ಲದ ಕಾಲದ ಎಸಿ. ಅದರ ಕೆಳಗೆ ನಿಂತು ಅವ್ವ ಸೆರಗು ಬಿಡಿಸಿ, "ಹೌದು, ಗಾಳಿ ಬರ್ಲತದ" ಅಂದಳು. ಅಲ್ಲೇ ಒಂದು ಅಂಗಳದ ಹೋಟೆಲಿನಲ್ಲಿ ಚಹಾಕ್ಕೆ 22 ದಿರ್ಹಂ ಕಿತ್ತರು, ಚಹಾ ನೀರಿನ ಹಾಗಿತ್ತು. ಅದಕ್ಕಿಂತ ದೋಣಿ ನಿಲ್ಲುವ ಕಡೆ ಸಿಗುವ ಕರಕ್ ಚಹಾ ಎಷ್ಟೋ ಮೇಲು.

ಇರಾನು ಅಂದ ಕೂಡಲೇ ನನಗೆ ನಮ್ಮೂರೇ ನೆನಪಾಯಿತು. ಬೀದರಿನಲ್ಲಿ ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಮಹಮೂದ್ ಗವಾನನೂ ಇರಾನಿನ ಗಿಲಾನಿಂದ ಬಂದ ವ್ಯಾಪಾರಿಯೇ. ಅವನು 1472ರಲ್ಲಿ ಕಟ್ಟಿಸಿದ ಮದರಸಾದ ಗೋಡೆಯಲ್ಲಿ ಉಳಿದಿರುವ ನೀಲಿ ಟೈಲ್ಸ್ ನೋಡುತ್ತಲೇ ನಾನು ಶಾಲೆಗೆ ಹೋಗಿದ್ದು. ಬೀದರಿನ ನೌಬಾದಿನಲ್ಲಿರುವ ಕರೇಜ್ ಅನ್ನುವ ಹಳೇ ನೀರಿನ ವ್ಯವಸ್ಥೆ ಕೂಡ ಇರಾನಿನ ವಿದ್ಯೆಯೇ. ನೆಲದಡಿ ಸುರಂಗ ಕೊರೆದು, ಅಲ್ಲಲ್ಲಿ ಬಾವಿಯಂಥ ಕಿಂಡಿ ಬಿಟ್ಟು, ಅಂತರ್ಜಲವನ್ನು ಇಳಿಜಾರಿನಲ್ಲಿ ಹರಿಸಿ ತಂದಿದ್ದಾರೆ. ಅವರು ಅಲ್ಲಿ ಗಾಳಿಯನ್ನು ಕೆಳಗಿಳಿಸಿದರು, ಇಲ್ಲಿ ನೀರನ್ನು ಹೊರಗೆ ತಂದರು.

ಅಬ್ರಾಕ್ಕೆ ನನ್ನ ಮಾರ್ಕು ಐದಕ್ಕೆ ನಾಲ್ಕೂವರೆ. ಅರ್ಧ ಕಳೆದಿದ್ದು ಕಟಾಂಜನಕ್ಕೆ. ನವೆಂಬರಿನಿಂದ ಮಾರ್ಚ್ ಒಳಗೆ, ಸಂಜೆ ಹೊತ್ತಿಗೆ ಹೋಗಿ. ಜೂನ್‌ನಲ್ಲಿ ಹೋಗಿ ನನ್ನನ್ನು ಬೈಯಬೇಡಿ.

ಈ ಸಲದ ರಜೆಯಲ್ಲಿ ಬೀದರಿನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹನ್ನೊಂದು ಶನಿವಾರದ ಫೋಟೊ ಎಲ್ಲ ಕಾಕಾಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿದರು. "ಕಾಕಾ, ನೀವು ಕರೇಜ್ ಒಳಗೆ ಇಳಿದೀರಾ?" ಅಂದೆ. ಎಪ್ಪತ್ತು ವರ್ಷ ಇದೇ ಊರಿನಲ್ಲಿರುವ ಮನುಷ್ಯ, ಹತ್ತಿರಕ್ಕೂ ಹೋಗಿಲ್ಲವಂತೆ. ನಾಳೆ ಬೆಳಿಗ್ಗೆ ಇಬ್ಬರೂ ನೌಬಾದಿಗೆ ಹೊರಟಿದ್ದೇವೆ. ಆಟೋದವನು 150 ರೂಪಾಯಿ ಕೇಳಿದ್ದಾನೆ. ಅಷ್ಟರಲ್ಲಿ ಆರು ಸಲ ಕ್ರೀಕ್ ದಾಟಬಹುದಿತ್ತು ಅಂದರೆ ಕಾಕಾ, "ಹಂಗಾದ್ರ ಅವಂಗ ದೋಣಿ ತಗೋ ಅನ್ನು" ಅಂದರು.