ಬಿಎಂಡಬ್ಲ್ಯು ಇ39 530ಐ: ಇಷ್ಟು ಹಳೆಯದಾದ ಮೇಲೂ ಇಟ್ಟುಕೊಳ್ಳಬಹುದಾದ ಕಾರೇ?

ಇ39 ಪೀಳಿಗೆಯ 5 ಸೀರೀಸ್ ಕೊಳ್ಳಬೇಕು ಅಂತ ಜರ್ಮನಿಯಲ್ಲಿ ಹುಡುಕುತ್ತಿರುವವರಿಗೆ ಮೊದಲೇ ಒಂದು ಮಾತು. ಜಾಹೀರಾತಿನಲ್ಲಿರುವ ಬೆಲೆ ನೋಡಿ ನಿರ್ಧಾರ ಮಾಡಬೇಡಿ, ಕೊಂಡ ಮೊದಲ ವರ್ಷದಲ್ಲಿ ಕಾರಿನೊಳಕ್ಕೆ ಹೋಗುವ ದುಡ್ಡನ್ನು ಸೇರಿಸಿಕೊಂಡು ಲೆಕ್ಕ ಹಾಕಿ. ಡಿಂಗೊಲ್ಫಿಂಗ್ ಕಾರ್ಖಾನೆಯಲ್ಲಿ 1995ರಲ್ಲಿ ಶುರುವಾದ ಈ ಸೆಡಾನ್ 2003ಕ್ಕೆ ನಿಂತಿತು, ಟೂರಿಂಗ್ (ಸ್ಟೇಷನ್ ವ್ಯಾಗನ್) 2004ರವರೆಗೆ ಬಂತು. ಅಂದರೆ ಅತಿ ಹೊಸ ಕಾರಿಗೂ ಇಪ್ಪತ್ತು ವರ್ಷ ದಾಟಿದೆ. ಇದರ ಎಂಜಿನ್ ಬ್ಲಾಕ್, ಗೇರ್‌ಬಾಕ್ಸ್, ಅಲ್ಯೂಮಿನಿಯಂ ಸಸ್ಪೆನ್ಷನ್ ತೋಳುಗಳು ಗಟ್ಟಿಮುಟ್ಟಾಗಿವೆ. ಕೈಕೊಡುವುದು ಪ್ಲಾಸ್ಟಿಕ್ ಮತ್ತು ರಬ್ಬರ್. ಅವು ಓಡಿದ ಕಿಲೋಮೀಟರಿಗಿಂತ ಕಳೆದ ವರ್ಷಗಳಿಗೆ ಹೆಚ್ಚು ಸವೆಯುತ್ತವೆ. ಹಾಗಾಗಿ ಗ್ಯಾರೇಜಿನಲ್ಲಿ ನಿಂತೇ ಇದ್ದ, ಬರೀ 90,000 ಕಿ.ಮೀ. ಓಡಿದ ಕಾರಿಗಿಂತ, 2,20,000 ಕಿ.ಮೀ. ಓಡಿ ಎಲ್ಲ ಬಿಲ್ಲುಗಳನ್ನೂ ಇಟ್ಟುಕೊಂಡಿರುವ ಕಾರು ಎಷ್ಟೋ ಮೇಲು.

ಯಾವ ಎಂಜಿನ್ ತೆಗೆದುಕೊಳ್ಳಬೇಕು ಅನ್ನುವುದರಲ್ಲಿ ಮಾಲೀಕರಲ್ಲೇ ಒಮ್ಮತವಿಲ್ಲ. ನನ್ನ ಮತ ಸೆಪ್ಟೆಂಬರ್ 2000ದ ನಂತರದ 530ಐಗೆ. ಅದರ ಎಂ54 ಎಂಜಿನ್ 2979 ಸಿಸಿಯ ನೇರಸಾಲು ಆರು ಸಿಲಿಂಡರಿನದು, 231 ಅಶ್ವಶಕ್ತಿ, 3500 ಆರ್‌ಪಿಎಂನಲ್ಲಿ 300 ಎನ್‌ಎಂ ಟಾರ್ಕ್. ಮ್ಯಾನುಯಲ್ ಕಾರು 7 ಸೆಕೆಂಡಿನ ಆಸುಪಾಸಿನಲ್ಲಿ 100 ಕಿ.ಮೀ. ವೇಗ ಮುಟ್ಟುತ್ತದೆ. ಇವತ್ತಿನ ಟರ್ಬೊ ಕಾರುಗಳ ಮುಂದೆ ಈ ಅಂಕಿ ದೊಡ್ಡದಲ್ಲ. ಆದರೆ ಎಂಜಿನ್ ಮೇಲಕ್ಕೇರುವ ರೀತಿ, ಐದನೇ ಗೇರಿನಲ್ಲಿ 160ಕ್ಕೆ ಹೋಗುವಾಗಲೂ ಪಕ್ಕದವರ ಜೊತೆ ಮೆಲ್ಲಗೆ ಮಾತಾಡಲು ಆಗುವಷ್ಟು ನಿಶ್ಶಬ್ದ, ಇವಕ್ಕೆ ಸಾಟಿಯಿಲ್ಲ.

ವಿ8 (ಎಂಟು ಸಿಲಿಂಡರ್) ಎಂಜಿನ್ನಿನ 540ಐ ಪಕ್ಷದವರಿಗೂ ಅವರದೇ ನ್ಯಾಯವಿದೆ: 286 ಅಶ್ವಶಕ್ತಿ, 440 ಎನ್‌ಎಂ. ಆದರೆ ವಿ8 ಕೂರಿಸಲು ಜಾಗ ಸಾಲದೆ ಆ ಕಾರುಗಳಿಗೆ ಹಳೆಯ ಕಾಲದ ರೀಸರ್ಕ್ಯುಲೇಟಿಂಗ್ ಬಾಲ್ ಸ್ಟೀರಿಂಗ್ ಕೊಟ್ಟರು. ಆರು ಸಿಲಿಂಡರಿನ ಕಾರುಗಳಲ್ಲಿ ಹೆಚ್ಚು ನೇರವಾಗಿ ಸ್ಪಂದಿಸುವ ರ‍್ಯಾಕ್ ಆಂಡ್ ಪಿನಿಯನ್ ಇದೆ. ತಿರುವಿನಲ್ಲಿ ಕೈಗೆ ರಸ್ತೆ ತಿಳಿಯುವುದು 530ಐನಲ್ಲೇ. ಇದರ ಮೇಲೆ ವಿ8ನಲ್ಲಿ ವಾಲ್ವುಗಳನ್ನು ನಡೆಸುವ ಟೈಮಿಂಗ್ ಚೈನ್ ಗೈಡ್‌ಗಳ ಸಂಕಟ ಬೇರೆ. ಎರಡು ಲಕ್ಷ ಕಿ.ಮೀ. ದಾಟಿದ ಮೇಲೆ ಆ ಪ್ಲಾಸ್ಟಿಕ್ ಗೈಡ್‌ಗಳು ಪುಡಿಯಾಗಿ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಬೀಳುತ್ತವೆ. ಕೆಲಸಕ್ಕೆ ಎಂಜಿನ್ನಿನ ಮುಂಭಾಗ ಪೂರ್ತಿ ಬಿಚ್ಚಬೇಕು, ಕೂಲಿಯೇ ಕಾರಿನ ಬೆಲೆಗೆ ಸಮೀಪ ಬರುತ್ತದೆ. ಎಲ್ಲಕ್ಕಿಂತ ಬಲಶಾಲಿಯಾದ ಎಂ5 ಬೇರೆಯದೇ ಲೋಕ. 4941 ಸಿಸಿ, 400 ಅಶ್ವಶಕ್ತಿ, ಆರು ಗೇರಿನ ಮ್ಯಾನುಯಲ್ ಮಾತ್ರ. ಅದನ್ನು ಕೊಳ್ಳುವವರು ಈ ಬರಹ ಓದಿ ಕೊಳ್ಳುವುದಿಲ್ಲ, ಅವರಿಗೆ ಪ್ರತ್ಯೇಕ ನಿಧಿಯೇ ಬೇಕು.

ಈಗ ಮುಖ್ಯ ವಿಷಯ, ಕೂಲಿಂಗ್. ಈ ಕಾರನ್ನು ಕೊಂದಿರುವುದು ಬೇರೆಲ್ಲಕ್ಕಿಂತ ಹೆಚ್ಚಾಗಿ ಇದೇ. ರೇಡಿಯೇಟರಿನ ಪಕ್ಕದ, ಕೂಲಂಟ್ (ಎಂಜಿನ್ ತಣಿಸುವ ದ್ರವ) ತುಂಬಿರುವ ಪ್ಲಾಸ್ಟಿಕ್ ಎಕ್ಸ್‌ಪಾನ್ಷನ್ ಟ್ಯಾಂಕ್ ಬಿಸಿ ಮತ್ತು ಒತ್ತಡ ತಿಂದು ತಿಂದು ಹೊಲಿಗೆಯ ಜಾಗದಲ್ಲಿ ಸೀಳುತ್ತದೆ. ಮೇಲಿನ ಹೋಸ್ ಕೂರುವ ರೇಡಿಯೇಟರ್ ಕತ್ತು ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯುತ್ತದೆ. ಎಂ54ರ ಥರ್ಮೋಸ್ಟಾಟ್ (ಕೂಲಂಟ್ ಹರಿವನ್ನು ತಡೆದು ಬಿಡುವ ವಾಲ್ವ್) ಕಂಪ್ಯೂಟರ್ ಹಿಡಿತದಲ್ಲಿದ್ದು ಎಂಜಿನ್ನನ್ನು ಬೇಕೆಂದೇ 97 ಡಿಗ್ರಿಯ ಸುತ್ತ ಬಿಸಿಯಾಗಿ ಇಡುತ್ತದೆ. ಇಂಧನ ಉಳಿಸಲು ಮಾಡಿದ ಏರ್ಪಾಡು ಇದು, ಪ್ಲಾಸ್ಟಿಕ್ಕಿನ ಆಯುಷ್ಯಕ್ಕೆ ಅದೇ ಕುತ್ತು.

ಇನ್ನೂ ಅಪಾಯಕಾರಿ ಸಂಗತಿ ಡ್ಯಾಶ್‌ಬೋರ್ಡಿನಲ್ಲಿದೆ. ತಾಪಮಾನದ ಮುಳ್ಳು ನಿಜವಾದ ತಾಪಮಾನ ತೋರಿಸುವುದಿಲ್ಲ. ಸುಮಾರು 75ರಿಂದ 113 ಡಿಗ್ರಿವರೆಗೂ ಅದು ನಟ್ಟನಡುವೆಯೇ ನಿಂತಿರುವಂತೆ ಸಾಫ್ಟ್‌ವೇರ್ ಬರೆದಿದ್ದಾರೆ. ಮುಳ್ಳು ಬಲಕ್ಕೆ ಅಲುಗಿತು ಅಂದರೆ ಆಗಲೇ ಕಾಲ ಮಿಂಚಿದೆ. ಬ್ಲಾಕ್ ಅಲ್ಯೂಮಿನಿಯಂ ಆದ್ದರಿಂದ ಹೆಚ್ಚು ಬಿಸಿಯಾದರೆ ಸಿಲಿಂಡರ್ ಹೆಡ್ ಹಿಡಿದಿರುವ ಬೋಲ್ಟುಗಳ ಮರೆಗಳೇ (ತಿರುಪಿನ ಎಳೆಗಳು) ಕಿತ್ತು ಬರುತ್ತವೆ, ಆಮೇಲೆ ಹೆಡ್ ಗ್ಯಾಸ್ಕೆಟ್ ಬದಲಿಸಿದರೂ ನಿಲ್ಲುವುದಿಲ್ಲ. ಅದಕ್ಕೇ ದೊಡ್ಡ ಡಿಸ್‌ಪ್ಲೇ ಇರುವ ಮೀಟರಿನ ಗುಪ್ತ ಮೆನುವಿನಲ್ಲಿ 7ನೇ ಪರೀಕ್ಷೆ ತೆರೆದು ನಿಜವಾದ ಡಿಗ್ರಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೆನು ಬೀಗ ತೆಗೆಯಲು 19ನೇ ಪರೀಕ್ಷೆಗೆ ಹೋಗಿ ಚಾಸಿಸ್ ಸಂಖ್ಯೆಯ ಕೊನೆಯ ಐದು ಅಂಕಿಗಳ ಮೊತ್ತ ಕೊಡಬೇಕು. ಹೆದ್ದಾರಿಯಲ್ಲಿ ಹೀಟರ್ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಊದಿದರೆ ಕೂಲಂಟ್ ಸೋರಿಹೋಗಿದೆ ಅಂತಲೇ ಅರ್ಥ, ಮುಳ್ಳು ಏನೇ ಹೇಳಲಿ, ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ.

ಕೊಂಡ ಕೂಡಲೇ, ಹಿಂದಿನ ಬಿಲ್ ಇಲ್ಲದಿದ್ದರೆ, ಕೂಲಿಂಗಿನ ಸಾಮಾನುಗಳನ್ನೆಲ್ಲ ಒಟ್ಟಿಗೆ ಬದಲಿಸಿ: ರೇಡಿಯೇಟರ್, ಎಕ್ಸ್‌ಪಾನ್ಷನ್ ಟ್ಯಾಂಕ್ ಮತ್ತು ಮುಚ್ಚಳ, ಮೇಲಿನ ಕೆಳಗಿನ ಹೋಸ್‌ಗಳು, ಥರ್ಮೋಸ್ಟಾಟ್, ಲೋಹದ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆ) ಇರುವ ವಾಟರ್ ಪಂಪ್, ಬೆಲ್ಟುಗಳು, ಟೆನ್ಷನರ್, ಪುಲ್ಲಿಗಳು. ಒಂದೊಂದೇ ಬದಲಿಸಿದರೆ ಹೊಸದರ ಒತ್ತಡಕ್ಕೆ ಪಕ್ಕದ ಹಳೆಯದು ಒಡೆಯುತ್ತದೆ. ಆಮೇಲೆ ಪ್ರತಿ 1,00,000 ಕಿ.ಮೀ.ಗೆ ಅಥವಾ ಎಂಟು ವರ್ಷಕ್ಕೆ ಇದನ್ನೇ ಮತ್ತೆ ಮಾಡುವುದು ಒಳ್ಳೆಯದು.

ಸ್ವತಃ ಮಾಡುವವರಿಗೆ ಕೆಲವು ಸೂಕ್ಷ್ಮಗಳು. ಫ್ಯಾನ್ ಕ್ಲಚ್ಚಿನ 32 ಮಿ.ಮೀ. ನಟ್ ಎಡಮರೆಯದು, ಬಿಚ್ಚಲು ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ವಾಟರ್ ಪಂಪ್ ಪುಲ್ಲಿಯ ಬೋಲ್ಟುಗಳನ್ನು ಬೆಲ್ಟ್ ಬಿಗಿಯಾಗಿರುವಾಗಲೇ ಸಡಿಲಿಸಿ, ಬೆಲ್ಟ್ ತೆಗೆದ ಮೇಲೆ ಪುಲ್ಲಿ ಸುಮ್ಮನೆ ಸುತ್ತುತ್ತದೆ. ನಾಲ್ಕು ನಟ್ ತೆಗೆದ ನಂತರವೂ ಪಂಪ್ ಕಚ್ಚಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಅಲ್ಯೂಮಿನಿಯಂ ಮೈಗೆ ಗೀರು ಬಿದ್ದರೆ ಸೋರಿಕೆ ಖಚಿತ. ಪಂಪಿನ ಅಂಚಿನಲ್ಲಿ ಖಾಲಿ ಮರೆಯ ತೂತು ಎರಡಿವೆ. ಅವುಗಳಿಗೆ ಎಂ6 ಬೋಲ್ಟುಗಳನ್ನು ಹಾಕಿ ಎರಡನ್ನೂ ಸಮವಾಗಿ ಬಿಗಿಸುತ್ತ ಹೋದರೆ ಪಂಪ್ ತಾನಾಗಿ ಹೊರಗೆ ಬರುತ್ತದೆ. ಹೊಸದರ ನಟ್‌ಗಳಿಗೆ 10 ಎನ್‌ಎಂ ಸಾಕು.

ಕೂಲಂಟ್ ಒಟ್ಟು 10.5 ಲೀಟರ್, ನೀಲಿ ಜಿ48 ಆಂಟಿಫ್ರೀಜ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ. ರೇಡಿಯೇಟರಿನ ಡ್ರೇನ್ ಮಾತ್ರ ತೆಗೆದರೆ ಬ್ಲಾಕಿನೊಳಗೆ ಹಳೆಯದು ಉಳಿಯುತ್ತದೆ. ಎಕ್ಸಾಸ್ಟ್ ಬದಿಯಲ್ಲಿರುವ ಬ್ಲಾಕ್ ಪ್ಲಗ್ಗನ್ನೂ ಬಿಚ್ಚಿ. ತುಂಬಿಸುವಾಗ ಎಂಜಿನ್ ತಣ್ಣಗಿರಬೇಕು, ಆನ್ ಆಗಿರಬಾರದು. ಕೀಲಿಯನ್ನು 2ನೇ ಸ್ಥಾನಕ್ಕೆ (ಎಂಜಿನ್ ಓಡದೆ ವಿದ್ಯುತ್ ಮಾತ್ರ ಬರುವಂತೆ) ತಿರುಗಿಸಿ, ಎರಡೂ ಬದಿಯ ಹೀಟರ್ ಗರಿಷ್ಠಕ್ಕೆ, ಬ್ಲೋವರ್ ಕನಿಷ್ಠಕ್ಕೆ ಇಡಿ. ಇದರಿಂದ ಹೀಟರ್ ವಾಲ್ವ್ ತೆರೆದುಕೊಳ್ಳುತ್ತದೆ. ಟ್ಯಾಂಕಿನ ಮೇಲಿರುವ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದೆ ಕೂಲಂಟ್ ಹರಿಯುವವರೆಗೆ ನಿಧಾನವಾಗಿ ಹೊಯ್ಯಿರಿ. ಆ ಸ್ಕ್ರೂ ಪ್ಲಾಸ್ಟಿಕ್ಕಿನದು, ಬಿಗಿಯಲು ಬೆರಳ ತುದಿಯ ಬಲ ಸಾಕು. ಹಿತ್ತಾಳೆಯದು ಹಾಕಿದರೆ ಬಾಳಿಕೆ ಬರುತ್ತದೆ ಅನ್ನುವವರಿದ್ದಾರೆ. ಸ್ಕ್ರೂ ಉಳಿಯುತ್ತದೆ ನಿಜ, ಅದು ಕೂತಿರುವ ಪ್ಲಾಸ್ಟಿಕ್ ಮರೆ ಉಳಿಯುವುದಿಲ್ಲ.

ಎಂ54ರ ಎರಡನೇ ದೂರು ಆಯಿಲ್ ಕುಡಿಯುತ್ತದೆ ಅನ್ನುವುದು. ಸಂಪಿನಲ್ಲಿ ಹಿಡಿಯುವುದು 6.5 ಲೀಟರ್, ಬಿಎಂಡಬ್ಲ್ಯುವಿನ ಎಲ್‌ಎಲ್-01 ಮಾನದಂಡದ ಆಯಿಲ್ ಬೇಕು. ಕಂಪನಿ ಮೀಟರ್ ಹೇಳುವ ದೀರ್ಘ ಅವಧಿಯನ್ನು ನಂಬದೆ 10,000 ಕಿ.ಮೀ.ಗೆ ಬದಲಿಸಿದವರ ಎಂಜಿನ್‌ಗಳು ಚೆನ್ನಾಗಿವೆ. ಸಾವಿರ ಕಿ.ಮೀ.ಗೆ ಕಾಲು ಲೀಟರ್ ಹೋದರೆ ಗಾಬರಿ ಬೇಡ. ಅದಕ್ಕಿಂತ ಹೆಚ್ಚಾದರೆ ಪಿಸ್ಟನ್ ರಿಂಗುಗಳ ಮೇಲೆ ತಪ್ಪು ಹೊರಿಸುವ ಮೊದಲು ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅಡಗಿ ಕೂತು ಎಂಜಿನ್ನಿನೊಳಗಿನ ಆವಿಯನ್ನು ಹೊರಗೆಳೆಯುವ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್ ವಾಲ್ವನ್ನು ಪರೀಕ್ಷಿಸಿ. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದು ತೂತಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಡಿ. ಹಾಳೆ ಮೆಲ್ಲಗೆ ಒಳಕ್ಕೆ ತಗ್ಗಿದರೆ ಸರಿ. ಮುಚ್ಚಳವನ್ನೇ ಕೀಳಲು ಕಷ್ಟವಾಗುವಷ್ಟು ಎಳೆತ ಇದ್ದರೆ ಒಳಗಿನ ಪೊರೆ ಹರಿದಿದೆ, ಆಯಿಲ್ ನೇರವಾಗಿ ಇನ್‌ಟೇಕಿಗೆ ಹೋಗುತ್ತಿದೆ. ಜರ್ಮನಿಯ ಚಳಿಗಾಲದಲ್ಲಿ ಬರೀ ಐದು ಕಿ.ಮೀ. ಓಡಾಡುವ ಕಾರಿನಲ್ಲಿ ಈ ವಾಲ್ವಿನ ಕೊಳವೆಗಳೊಳಗೆ ನೀರಾವಿ ಮತ್ತು ಆಯಿಲ್ ಸೇರಿ ಹಳದಿ ಬೆಣ್ಣೆಯಂಥ ಪದಾರ್ಥ ಕಟ್ಟಿಕೊಳ್ಳುತ್ತದೆ, ಹೆಪ್ಪುಗಟ್ಟಿದರೆ ಎಂಜಿನ್ನೇ ಹೋಗಬಹುದು. ಬದಲಿಸುವುದಾದರೆ ಶೀತ ಪ್ರದೇಶಕ್ಕೆಂದು ಹೊದಿಕೆ ಹಾಕಿರುವ ಮಾದರಿಯನ್ನೇ ತರಿಸಿ, ನಾಲ್ಕು ಕೊಳವೆಗಳನ್ನೂ ಒಟ್ಟಿಗೆ ಬದಲಿಸಿ. ಮುಟ್ಟಿದರೆ ಪುಡಿಯಾಗುವಂಥ ಸ್ಥಿತಿಯಲ್ಲಿರುತ್ತವೆ ಹಳೆಯವು.

ಅಲ್ಲಿಗೆ ಕೈ ಹಾಕಿದಾಗ ಇನ್‌ಟೇಕಿನ ಗಾಳಿಯ ದಾರಿ ಬದಲಿಸುವ ಡೀಸಾ ವಾಲ್ವನ್ನೂ ನೋಡಿಬಿಡಿ. ಎರಡೇ ಟಾರ್ಕ್ಸ್ ಸ್ಕ್ರೂ. ಹೊರಗೆ ತೆಗೆದು ರೆಕ್ಕೆಯನ್ನು ಅಲ್ಲಾಡಿಸಿದಾಗ ಗಡಗಡ ಅಂದರೆ ಹೊಸದು ಹಾಕಲೇಬೇಕು, ಅದರ ಪಿನ್ ಕಳಚಿ ಸಿಲಿಂಡರಿನೊಳಗೆ ಹೋದ ಉದಾಹರಣೆಗಳಿವೆ. 3000 ಆರ್‌ಪಿಎಂ ಒಳಗೆ ಎಳೆತ ಮಂಕಾಗಿದ್ದರೆ ವ್ಯಾನೋಸ್ (ವಾಲ್ವುಗಳ ಸಮಯ ಹೊಂದಿಸುವ ಸಾಧನ) ಒಳಗಿನ ರಬ್ಬರ್ ಸೀಲುಗಳು ಗಟ್ಟಿಯಾಗಿರುತ್ತವೆ. ವೈಟಾನ್ (ಬಿಸಿ ತಡೆಯುವ ರಬ್ಬರ್) ರಿಂಗುಗಳ ಕಿಟ್ ಹಾಕಿದರೆ ಕಾರು ಮರುಜನ್ಮ ಪಡೆಯುತ್ತದೆ. ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್ಟಿನ ಸೋರಿಕೆ ಬಹುತೇಕ ಎಲ್ಲ ಕಾರುಗಳಲ್ಲೂ ಇರುತ್ತದೆ, ಬೆಲೆ ತೀರಾ ಕಡಿಮೆ. ಆದರೆ ಅಸಡ್ಡೆ ಮಾಡಿದರೆ ಆಯಿಲ್ ಬೆಲ್ಟಿನ ಮೇಲೆ ತೊಟ್ಟಿಕ್ಕಿ, ಬೆಲ್ಟ್ ಹರಿದು, ಅದರ ಎಳೆಗಳು ಕ್ರ್ಯಾಂಕ್ ಸೀಲಿನೊಳಕ್ಕೆ ಸುತ್ತಿಕೊಳ್ಳುತ್ತವೆ.

ಗೇರ್‌ಬಾಕ್ಸ್ ಆಟೊಮ್ಯಾಟಿಕ್ ಆದರೆ ಜರ್ಮನಿಯ 530ಐನಲ್ಲಿ ಸಾಮಾನ್ಯವಾಗಿ ಝಡ್‌ಎಫ್ 5ಎಚ್‌ಪಿ19 ಇರುತ್ತದೆ. ಆಯಿಲ್ ಜೀವಮಾನಕ್ಕೆ ಸಾಕು ಅಂತ ಬರೆದಿದ್ದನ್ನು ನಂಬಬೇಡಿ, 1,00,000 ಕಿ.ಮೀ.ಗೆ ಫಿಲ್ಟರ್ ಸಮೇತ ಬದಲಿಸಿ. ತುಂಬಿಸುವ ಪ್ಲಗ್ ಬಿಚ್ಚಲು ಬರುತ್ತದೆ ಅಂತ ಖಾತ್ರಿ ಮಾಡಿಕೊಂಡ ಮೇಲಷ್ಟೇ ಡ್ರೇನ್ ಪ್ಲಗ್ ತೆಗೆಯಿರಿ. ಮಟ್ಟ ನೋಡುವಾಗ ಕಾರು ಸಮತಲದಲ್ಲಿ, ಎಂಜಿನ್ ಆನ್, ಲಿವರ್ ಪಿ, ಆಯಿಲ್ 30ರಿಂದ 50 ಡಿಗ್ರಿಯೊಳಗೆ ಇರಬೇಕು.

80ರಿಂದ 100 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಅನೇಕರು ಡಿಸ್ಕ್ ಬದಲಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ತೊಂದರೆ ಇರುವುದು ಮುಂದಿನ ಸಸ್ಪೆನ್ಷನ್ ತೋಳಿನ ರಬ್ಬರ್ ಜೋಡಣೆಯಲ್ಲಿ, ಅಂದರೆ ಥ್ರಸ್ಟ್ ಆರ್ಮ್ ಬುಷ್‌ನಲ್ಲಿ. ಅದರೊಳಗೆ ದ್ರವ ತುಂಬಿರುತ್ತದೆ, ಸೀಳಿ ಸೋರಿದ ಮೇಲೆ ಹಿಡಿತ ಹೋಗುತ್ತದೆ. ಲೆಮ್‌ಫೋರ್ಡರ್ ಅಥವಾ ಟಿಆರ್‌ಡಬ್ಲ್ಯು ಕಂಪನಿಯದು ಹಾಕಿ. ಅರ್ಧ ಬೆಲೆಗೆ ಹತ್ತು ತೋಳುಗಳ ಸೆಟ್ ಕೊಡುವವರಿಂದ ದೂರವಿರಿ. ಕಾರು ನೆಲದ ಮೇಲೆ ತನ್ನ ಸಹಜ ಎತ್ತರದಲ್ಲಿ ನಿಂತಿರುವಾಗಲೇ ಬುಷ್ ಬೋಲ್ಟುಗಳನ್ನು ಪೂರ್ತಿ ಬಿಗಿಯಬೇಕು. ಚಕ್ರ ನೇತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಗ್ಯಾರೇಜಿನವರು ಲಿಫ್ಟಿನ ಮೇಲೇ ಬಿಗಿದು ಕೊಟ್ಟರೆ ವಾಪಸ್ ಕೊಟ್ಟು ಸರಿ ಮಾಡಿಸಿ.

ಎಲೆಕ್ಟ್ರಿಕ್ ರೋಗಗಳು ಕಿರಿಕಿರಿ ಕೊಡುತ್ತವೆ, ಪ್ರಾಣ ತೆಗೆಯುವುದಿಲ್ಲ. ಮೀಟರಿನ ಅಕ್ಷರಗಳು ಅಳಿಸಿಹೋಗುವುದು ರಿಬ್ಬನ್ ಕೇಬಲ್ಲಿನಿಂದ. ಬ್ಲೋವರ್ ತನ್ನಷ್ಟಕ್ಕೆ ಏರಿಳಿದರೆ, ರಾತ್ರಿ ಬ್ಯಾಟರಿ ಖಾಲಿಯಾದರೆ ಬ್ಲೋವರ್ ರೆಸಿಸ್ಟರ್. ಎಬಿಎಸ್ ಮತ್ತು ಡಿಎಸ್‌ಸಿ (ಬ್ರೇಕ್ ಮತ್ತು ಜಾರುವಿಕೆ ತಡೆ) ದೀಪಗಳು ಒಟ್ಟಿಗೆ ಹೊತ್ತಿದರೆ ಮೊದಲು ಚಕ್ರದ ಸೆನ್ಸರ್ ಪರೀಕ್ಷಿಸಿ, ಆಮೇಲೆ ಮಾಡ್ಯೂಲನ್ನು ದುರಸ್ತಿಗೆ ಕಳಿಸಿ. ಹಿಂದಿನ ಕಾರ್ಪೆಟ್ ಒದ್ದೆಯಾಗಿದ್ದರೆ ಬಾಗಿಲೊಳಗಿನ ಫೋಮ್ ಪರದೆಯ ಅಂಟು ಬಿಟ್ಟಿದೆ, ಬ್ಯುಟೈಲ್ ಟೇಪಿನಲ್ಲಿ ಮತ್ತೆ ಅಂಟಿಸಿ.

ಕೊಳ್ಳುವಾಗ ಬೇರೇನೂ ನೋಡದಿದ್ದರೂ ಜಾಕ್ ಇಡುವ ಜಾಗಗಳ ಪ್ಲಾಸ್ಟಿಕ್ ತೆಗೆಸಿ ತುಕ್ಕು ನೋಡಿ. ಹಿಂದಿನ ಚಕ್ರದ ಕಮಾನು, ಡಿಕ್ಕಿಯ ನಂಬರ್ ಪ್ಲೇಟ್ ದೀಪದ ಸುತ್ತಮುತ್ತ, ಪೆಟ್ರೋಲ್ ಮುಚ್ಚಳದ ಬಳಿಯೂ ನೋಡಿ. ಎರಡು ವರ್ಷಕ್ಕೊಮ್ಮೆ ಬರುವ ಟ್ಯೂಫ್ ತಪಾಸಣೆಯಲ್ಲಿ ಕಾರು ನಪಾಸಾಗಲು ಜಾಕ್ ಜಾಗದ ತುಕ್ಕೊಂದೇ ಸಾಕು. ಓಡೋಮೀಟರ್ ಪಕ್ಕ ಸಣ್ಣ ಚುಕ್ಕೆ ಹೊತ್ತಿದ್ದರೆ ಮೀಟರ್ ಬದಲಾಗಿದೆ ಅಥವಾ ಅಂಕಿ ತಿದ್ದಲಾಗಿದೆ. ಬೇರೆ ಬಿಎಂಡಬ್ಲ್ಯುವಿನ ಚಕ್ರ ಹಾಕುವ ಆಸೆಯಿದ್ದರೆ ಗೊತ್ತಿರಲಿ: ಇ39ರ ನಡುತೂತು 74.1 ಮಿ.ಮೀ., ಅದೇ ಕಾಲದ 3 ಸೀರೀಸಿನದು 72.6. ಬೋಲ್ಟ್ ವೃತ್ತ ಒಂದೇ ಆದರೂ ಚಕ್ರ ಕೂರುವುದಿಲ್ಲ.

ತೆರಿಗೆಯ ವಿಷಯದಲ್ಲಿ ಒಂದು ಲೆಕ್ಕ. 30 ವರ್ಷ ತುಂಬಿದ, ಮೂಲ ಸ್ಥಿತಿಯಲ್ಲಿರುವ ಕಾರಿಗೆ ಜರ್ಮನಿಯಲ್ಲಿ ಎಚ್ (ಹಳೆಯ ಐತಿಹಾಸಿಕ ಕಾರಿನ) ನಂಬರ್ ಪ್ಲೇಟ್ ಸಿಗುತ್ತದೆ, ವರ್ಷಕ್ಕೆ 191.73 ಯೂರೋ ತೆರಿಗೆ. ಮೊದಲ ಇ39ಗಳು ಈಗ ಆ ವಯಸ್ಸಿಗೆ ಬಂದಿವೆ. ಆದರೆ ಪೆಟ್ರೋಲ್ 530ಐಗೆ ಈಗಲೇ 100 ಸಿಸಿಗೆ 6.75 ಯೂರೋದಂತೆ 202.50 ಆಗುತ್ತದೆ, ಉಳಿತಾಯ ಹೆಚ್ಚೇನೂ ಇಲ್ಲ. 530ಡಿ ಡೀಸೆಲ್‌ಗೆ 15.44ರಂತೆ 463.20 ಆಗುವುದರಿಂದ ಎಚ್ ಪ್ಲೇಟಿನಿಂದ ಅದರ ಮಾಲೀಕರಿಗೆ ಲಾಭ. ಹೊಗೆ ಫಿಲ್ಟರ್ ಹಾಕಿಸದ, ಯೂರೋ 3 ಹೊಗೆ ಮಾನದಂಡದ ಡೀಸೆಲ್‌ಗೆ ಹಸಿರು ಸ್ಟಿಕರ್ ಸಿಗದೆ ನಗರಗಳ ಪರಿಸರ ವಲಯಕ್ಕೆ ಪ್ರವೇಶವಿಲ್ಲ, ಎಚ್ ಪ್ಲೇಟಿಗೆ ಆ ಅಡ್ಡಿಯೂ ಇಲ್ಲ. ಆದರೆ 530ಡಿ ಬಂದದ್ದೇ 1998ರಲ್ಲಿ, ಆದ್ದರಿಂದ 2028ರವರೆಗೆ ಕಾಯಬೇಕು.

ಊರಿಗೆ ಮರಳುವಾಗ ಬೆಂಗಳೂರಿಗೆ ಸಾಗಿಸಬಹುದೇ ಅಂತ ಕೇಳುವವರಿಗೆ: ಆಗುವುದಿಲ್ಲ. ಮೂರು ವರ್ಷಕ್ಕಿಂತ ಹಳೆಯದಾದ ಇಂಥ ಕಾರಿನ ಆಮದಿಗೆ ಭಾರತದಲ್ಲಿ ಅವಕಾಶವಿಲ್ಲ, ಎಡಗಡೆ ಸ್ಟೀರಿಂಗಿನದಂತೂ ಬೇಡವೇ ಬೇಡ. ಜರ್ಮನಿಯಲ್ಲೇ ಮಾರಿ. ಕೂಲಿಂಗ್, ವೆಂಟಿಲೇಷನ್ ವಾಲ್ವ್, ಗೇರ್‌ಬಾಕ್ಸ್ ಆಯಿಲ್ ಈ ಮೂರರ ಬಿಲ್ಲುಗಳನ್ನು ದಿನಾಂಕ ಮತ್ತು ಕಿಲೋಮೀಟರ್ ಸಮೇತ ಮೇಲಿಟ್ಟು ತೋರಿಸಿ. ಕಾರು ಬಲ್ಲವರು ಬಣ್ಣ ನೋಡುವ ಮೊದಲು ಕೇಳುವುದು ಇವನ್ನೇ.